ನೀಲಿ ಸಾಬೂನಿನ ಎದುರು ನಿಂತ ಮೇಡಂ

ಜನ ಒಂದು ವಸ್ತುವನ್ನು ಯಾಕೆ ಕೊಳ್ಳುತ್ತಾರೆ ಎಂದು ಮೂವತ್ತು ವರ್ಷ ಪಾಠ ಹೇಳಿದ ಮಾರ್ಕೆಟಿಂಗ್ ಪ್ರೊಫೆಸರ್ ಮೇಡಂಗೆ ಮನೆಗೆ ಸಾಮಾನು ತರುವುದು ಮಾತ್ರ ಬರುತ್ತಿರಲಿಲ್ಲ. ಉಪ್ಪು ತರಲು ಹೋದರೆ ಉಪ್ಪು ಕೊಳ್ಳುವವರನ್ನೇ ನೋಡುತ್ತ ನಿಂತು, ಬರಿಗೈಯಲ್ಲಿ ಬರುವರು. ಗಂಡ ಹಣೆ ಚಚ್ಚಿಕೊಂಡು ಚೀಲ ಹಿಡಿದು ಹೊರಡುವರು.

ನಿವೃತ್ತಿಗೆ ಮುಂಚಿನ ಕೊನೆಯ ಸಂಶೋಧನೆಗೆ ಅವರು ಆರಿಸಿಕೊಂಡದ್ದು ಓಣಿಯ ತಿರುವಿನ ಪುಟ್ಟ ಅಂಗಡಿ. ಯಾರೂ ಮೂಸಿ ನೋಡದ ಒಂದು ನೀಲಿ ಸಾಬೂನನ್ನು ಕೆಳಗಿನ ಹಲಗೆಯಿಂದ ಕಣ್ಣಿನ ಎತ್ತರಕ್ಕೆ ಏರಿಸಿದರು. ದಿನಾ ಸಂಜೆ ಐದರಿಂದ ಏಳರವರೆಗೆ ಅದರ ಎದುರು ನೋಟ್‌ಬುಕ್ ಹಿಡಿದು ಠಿಕಾಣಿ ಹೂಡಿದರು. ವಾರಕ್ಕೆ ನಾಲ್ಕು ಹೋಗುತ್ತಿದ್ದ ಸಾಬೂನು ನಲವತ್ತು ಹೋಯಿತು! ಮೇಡಂ ಹಿಗ್ಗಿ ಹೀರೇಕಾಯಾದರು. ಕಣ್ಣೆತ್ತರಕ್ಕಿಟ್ಟರೆ ಮಾರಾಟ ಹತ್ತುಪಟ್ಟು ಎಂಬ ಪ್ರಬಂಧ ಸಿದ್ಧವಾಯಿತು. ಅದನ್ನು ನಂಬಿ ಸಾಬೂನಿನ ಡೀಲರ್ ಊರಿನ ಅಂಗಡಿಗಳಿಗೆಲ್ಲ ಪೆಟ್ಟಿಗೆಗಟ್ಟಲೆ ಕಳಿಸಲು ವ್ಯಾನು ಗೊತ್ತುಮಾಡಿದರು.

ಅಷ್ಟರಲ್ಲಿ ಜ್ವರ ಬಂದು ಮೇಡಂ ಹತ್ತು ದಿನ ಮಲಗಿದರು. ಎದ್ದು ಹೋಗಿ ನೋಡಿದರೆ ಸಾಬೂನುಗಳು ಹಲಗೆಯ ಮೇಲೆ ಮಿಸುಕದೆ ಕೂತಿವೆ.

“ಇದ್ಯಾಕಮ್ಮ, ಒಂದೂ ಹೋಗಿಲ್ಲ?”

“ನೀವೇ ಇರ್ಲಿಲ್ವಲ್ಲ ಮೇಡಂ!” ಎಂದಳು ಅಂಗಡಿಯಾಕೆ. “ಬಂದೋರೆಲ್ಲ ನನ್ನ ಕಿವೀಲಿ ಕೇಳೋರು, ‘ಅಷ್ಟು ಓದಿದೋರು ದಿನಾ ಎರಡು ಗಂಟೆ ನಿಂತು ನೋಡ್ತಾರಲ್ಲ, ಅಂಥದ್ದೇನಿದೆ ಅದ್ರಲ್ಲಿ? ನಂಗೂ ಒಂದು ಕೊಡಿ’ ಅಂತ.”

“ನನಗ್ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಲೇ ಇಲ್ವಲ್ಲ. ಬರೀ ನೋಡ್ತಾ ಇದ್ರಿ.”

ಮೇಡಂ ನೇರ ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದರು. ಸೋಮವಾರ ತುಂಬಿದ ಸಭೆಯಲ್ಲಿ ಆ ಪ್ರಬಂಧ ಓದಬೇಕು; ಮೂವತ್ತು ವರ್ಷದ ಹೆಸರು ಒಂದು ಸಾಬೂನಿನ ಮೇಲೆ ನಿಂತಿದೆ.

“ಯಾರಿಗೆ ಗೊತ್ತಾಗುತ್ತೆ? ಓದಿಬಿಡು,” ಎಂದರು ಗಂಡ.

“ಪೆಟ್ಟಿಗೆ ಹೋಗೋ ಅಷ್ಟೂ ಅಂಗಡೀಲಿ ನಾನು ಹೋಗಿ ನಿಂತ್ಕೊಳ್ಳೋಕಾಗುತ್ತಾ ರೀ?” ಎಂದವರೇ ತಮ್ಮ ಮಾತಿಗೆ ತಾವೇ ಕಿಸಕ್ಕನೆ ನಕ್ಕರು. ನಗು ಗಂಡನಿಗೂ ಹತ್ತಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸೋಮವಾರ ಮೇಡಂ ಪ್ರಬಂಧವನ್ನು ಮೇಜಿನ ಮೇಲೆ ಮಗುಚಿಟ್ಟು, ನಡೆದದ್ದನ್ನು ನಡೆದ ಹಾಗೆ ಹೇಳಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಸಭೆಗೆ ಬಂದಿದ್ದ ಡೀಲರ್ ಹೊರಗೆ ಓಡಿ, ಫೋನು ಮಾಡಿ ವ್ಯಾನು ನಿಲ್ಲಿಸಿ, ಒಳಗೆ ಬಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಅಷ್ಟು ವರ್ಷದ ನೌಕರಿಯಲ್ಲಿ ಮೇಡಂಗೆ ಇಷ್ಟು ಖುಷಿ ಎಂದೂ ಆಗಿರಲಿಲ್ಲ.

ಸಂಜೆ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದರು. ಅಂಗಡಿಯಾಕೆ ಒಳಗಿನಿಂದ ಸ್ಟೂಲು ಎಳೆದು ಹಾಕಿದಳು.

“ಆಯ್ತಲ್ಲ, ಕೂತ್ಕೊಳ್ಳಿ ಮೇಡಂ. ಮೂರು ತಿಂಗಳಿಂದ ಹಲ್ಲುಪುಡಿ ಹೋಗ್ತಾನೇ ಇಲ್ಲ. ಸ್ವಲ್ಪ ಅದನ್ನ ನೋಡ್ತಾ ಇರಿ.”