ಹಂಚು ಕೂರದ ಒಲೆ

ತನ್ನ ಕ್ಯಾರವಾನ್ ಗಾಡಿಯ ಪ್ರವಾಸಕ್ಕೆಂದು ಅಳಿಯ ಗಂಗಾವತಿಯಲ್ಲಿ ಗ್ಯಾಸ್ ಬಾರ್ಬೆಕ್ಯೂ ಒಲೆ ಆರಿಸುವಾಗ ನಾನು ಜೊತೆಗಿದ್ದೆ. ಬರ್ನರಿನ ಮೇಲೆ ಬರೀ ಕಂಬಿಗಳ ಜಾಲರಿ ಇತ್ತು.

“ಇದರ ಮ್ಯಾಲ ಹಂಚು ಕುಂದ್ರತೈತೇನ್ರಿ?” ಎಂದೆ.

“ಹಂಚೊಂದ ಸಾಕೋ, ಅಡಗಿಮನೀನ ಕಿತ್ಕೊಂಡು ಬರ್ತೀರೋ ಮಾವಾರ?” ಎಂದು ನಕ್ಕು ಅದನ್ನೇ ಕೊಂಡ.

ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಊಟ ತಡವಾಗಬಾರದು. ಸಾಣಾಪುರದ ಕೆರೆಯ ಬಳಿ, ಒಲೆ ಹೊತ್ತಿದ್ದನ್ನು ನೋಡಿಯೇ ಅವಳು ಚುಚ್ಚಿಕೊಂಡಳು. ತಂದಿದ್ದ ಹಂಚು ಕಂಬಿಗಳ ಮೇಲೆ ಕೂರದ್ದರಿಂದ ಜೋಳದ ರೊಟ್ಟಿ ಬಡಿದು ನೇರ ಜಾಲರಿಯ ಮೇಲೆಯೇ ಹಾಕಿ, ಎಂದಿನಂತೆ ಒದ್ದೆ ಬಟ್ಟೆಯಿಂದ ನೀರು ಸವರಿದಳು. ರೊಟ್ಟಿ ಹರಿದು ಕೆಳಗೆ ಬಿತ್ತು. ನೀರು ಕಂಬಿಗಳ ಸಂದಿಯಿಂದ ಇಳಿದು ಉರಿ ಆರಿತು. ಎಷ್ಟು ಹೊತ್ತಿಸಿದರೂ ಮತ್ತೆ ಹೊತ್ತಲಿಲ್ಲ.

“ಅತ್ತಿಯಾರು ನೀರು ಭಾಳ ಹಚ್ಚಿದ್ರು,” ಎಂದ ಅಳಿಯ.

ಅಷ್ಟರಲ್ಲಿ ಊಟವಿಲ್ಲದೆ ಅವಳ ಸಕ್ಕರೆ ಅಂಶ ಇಳಿದು ಕೈ ನಡುಗತೊಡಗಿತ್ತು. ನಾನು ಅವಳ ಬಾಯಿಗೆ ಒಂದು ಚಮಚ ಸಕ್ಕರೆ ಹಾಕಿ, ಸಿಲಿಂಡರ್ ಬಂದ್ ಮಾಡಿದೆ.

“ಗಾಡಿ ತಿರಗಸ್ರಿ. ಖಾನಾವಳಿಗೆ ನಡೀರಿ.”

ಗಂಗಾವತಿಯ ಖಾನಾವಳಿಯಲ್ಲಿ ಅವಳ ತಟ್ಟೆಗೆ ಬಿಸಿ ರೊಟ್ಟಿ ಬಂದಾಗಲೂ ಅವನು ನೀರಿನ ಮಾತೇ ಆಡುತ್ತಿದ್ದ. ಊಟ ಮುಗಿಸಿ ನಾವಿಬ್ಬರೂ ಕೊಪ್ಪಳದ ಬಸ್ಸು ಹತ್ತಿದೆವು. ಅವನ ಗಾಡಿಯನ್ನು ಇವತ್ತಿನವರೆಗೆ ಮತ್ತೆ ಹತ್ತಿಲ್ಲ.