ಹಲ್ಲಿಲ್ಲದ ಅಜ್ಜಿಯ ಚೇಳಿನ ಮಂತ್ರ

ನಾನು ಚಿಕ್ಕವಳಿದ್ದಾಗ ಜಕ್ಕೂರಿನಲ್ಲಿ ಯಾರಿಗೆ ಚೇಳು ಕುಟುಕಿದರೂ ನಮ್ಮ ಮನೆಗೇ ಓಡಿಬರುತ್ತಿದ್ದರು. ಅಪ್ಪನ ಅಮ್ಮ, ನಮ್ಮಜ್ಜಿ, ಬೇವಿನ ಸೊಪ್ಪಿನಿಂದ ಮೇಲಿಂದ ಕೆಳಕ್ಕೆ ನೀವುತ್ತಾ ಮಂತ್ರ ಹಾಕುತ್ತಿದ್ದಳು. ಮಾತೆಲ್ಲ ತುಟಿಯೊಳಗೇ. ನಮಗೆ ಕೇಳುತ್ತಿದ್ದದ್ದು ಬರೀ ಚ, ಚ, ಚ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ.

ಒಂದು ವರ್ಷ ಅಜ್ಜಿಯ ಮುಂದಿನ ಹಲ್ಲುಗಳು ಉದುರಿದವು. ಹಲ್ಲು ಹೋದವರ ಮಂತ್ರ ನಾಟುವುದಿಲ್ಲ ಎಂದು ಊರಿನ ನಂಬಿಕೆ. ಇನ್ನೊಬ್ಬರಿಗೆ ಕಲಿಸಬೇಕೆಂದರೆ ಗ್ರಹಣ ಹಿಡಿದಾಗ ಕೆರೆನೀರಿನಲ್ಲಿ ನಿಂತೇ ಕಲಿಸಬೇಕು. ಬೇರೆ ಹೊತ್ತಿನಲ್ಲಿ ಬಾಯಿಬಿಟ್ಟರೆ ಮಂತ್ರ ಸತ್ತುಹೋಗುತ್ತದಂತೆ. ಅಜ್ಜಿ ಗ್ರಹಣಕ್ಕೆ ಕಾಯುತ್ತಿದ್ದಳು. ಚೇಳು ಕಾಯಲಿಲ್ಲ.

ಒಂದು ಮಧ್ಯಾಹ್ನ ಒಲೆಗೆ ಬೆರಣಿ ತರಲು ಹೋದ ತಮ್ಮ ಕಿರುಚಿಕೊಂಡ. ಕೆಂಪು ಚೇಳು. ಕೈ ಊದಿತು, ಮೈಯೆಲ್ಲ ಬೆವರಿತು, ಪಾದ ತಣ್ಣಗಾಯಿತು. ಹೊಲದಿಂದ ಅಪ್ಪನನ್ನು ಕರೆತರಲು ಪಕ್ಕದ ಮನೆಯವರು ಓಡಿದರು. ತಲೆಯ ಮೇಲೆ ಹಾರಾಟ ಕಲಿಯುವವರ ವಿಮಾನ ಗುಂಯ್‌ಗುಡುತ್ತಿತ್ತು. ದಿನವೂ ಅದನ್ನು ನೋಡಲು ಅಂಗಳಕ್ಕೆ ಹಾರಿ ಬರುತ್ತಿದ್ದ ತಮ್ಮ ಅವತ್ತು ಕಣ್ಣೆತ್ತಲಿಲ್ಲ. ಇವನು ಸತ್ತುಹೋಗುತ್ತಾನೆ ಎಂದು ಹೆದರಿ ನಾನು ಅವನ ಪಾದ ಉಜ್ಜತೊಡಗಿದೆ.

"ಅತ್ತೆ, ಮಂತ್ರ ಹಾಕಿ," ಎಂದು ಅಮ್ಮ ಅತ್ತಳು.

"ಬೊಚ್ಚುಬಾಯಿ ಮಂತ್ರ ನಾಟಾಕಿಲ್ಲ ಕಣವ್ವ," ಎಂದ ಅಜ್ಜಿ, ತಮ್ಮನ ಮುಖ ನೋಡಿದಳು. "ಸತ್ರೆ ಮಂತ್ರ ಸಾಯ್ಲಿ, ಕೂಸು ಉಳೀಲಿ. ನೀನೇ ಅನ್ನು, ಇಂಗೆ..."

ಅಷ್ಟು ಗುಟ್ಟಿನ ಮಂತ್ರ ನಡುಹಗಲಲ್ಲಿ, ಜಗಲಿಯ ಮೇಲೆ, ಎಲ್ಲರ ಮುಂದೆ ಹೊರಬಿತ್ತು. ಅಜ್ಜಿಯ ಬಾಯಲ್ಲಿ ಗಾಳಿ ಸೋರುತ್ತಿತ್ತು. ಅಮ್ಮ ಅದನ್ನು ಸರಿಮಾಡಿ ಹೇಳುತ್ತಿದ್ದಳು.

"ಚೇಳಮ್ಮ ಚೆಲುವಮ್ಮ, ಚುಚ್ಚಿದ ಚೂಪಮ್ಮ, ಚಿಟಿಕೆಗೆ ಚದುರಮ್ಮ..."

ಅಳುತ್ತಿದ್ದರೂ ಅಮ್ಮನ ನಾಲಿಗೆ ತಡವರಿಸಲಿಲ್ಲ. ಒಂದು ಚ ಇನ್ನೊಂದು ಚವನ್ನು ಎಳೆದು ತರುತ್ತಿತ್ತು. ಹೊರಳಾಡುತ್ತಿದ್ದ ತಮ್ಮ ಅವಳ ತುಟಿಯನ್ನೇ ನೋಡುತ್ತಾ ಸುಮ್ಮನಾದ. ಅಪ್ಪ ಬಂದವನೇ ಇಬ್ಬರನ್ನೂ ಸೈಕಲ್ಲಿಗೆ ಹತ್ತಿಸಿಕೊಂಡು ಯಲಹಂಕದ ಆಸ್ಪತ್ರೆಗೆ ತುಳಿದ. ದಾರಿಯುದ್ದಕ್ಕೂ ಅಮ್ಮ ಅದನ್ನೇ ಹೇಳಿದಳಂತೆ. ಕೆಲವು ದಿನಗಳ ಮೇಲೆ ತಮ್ಮ ಮನೆಗೆ ಬಂದ.

ಆಮೇಲೆ ಯಾರು ಬಂದರೂ ಅಜ್ಜಿ, "ಮಂತ್ರ ಓಯ್ತು, ಆಸ್ಪತ್ರೆಗೆ ಓಗಿ," ಎಂದು ಕಳಿಸಿ, ಒಳಗೆ ಗೋಡೆಗೆ ಒರಗಿ ಕೂರುತ್ತಿದ್ದಳು. ನೋಡಿ ನನಗೆ ಸಂಕಟವಾಗುತ್ತಿತ್ತು. ಗ್ರಹಣ ಬಂತು, ಬಿಟ್ಟಿತು. ಅಜ್ಜಿ ಕೆರೆಯ ಕಡೆ ಹೋಗಲಿಲ್ಲ.

ಮಕ್ಕಳೇ, ನಮ್ಮ ಬೆರಣಿ ಒಟ್ಟಿದ್ದ ಜಾಗದಲ್ಲಿ ಈಗ ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಇದೆ. ಚೇಳನ್ನು ನೀವು ಚಿತ್ರದಲ್ಲಷ್ಟೇ ಕಂಡಿದ್ದೀರಿ. ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ, ಬರಲೇಬೇಕು; ತಮ್ಮನನ್ನು ಉಳಿಸಿದ್ದೂ ಡಾಕ್ಟರೇ. ಆದರೂ ಮೊನ್ನೆ ನಿಮ್ಮಲ್ಲಿ ಚಿಕ್ಕವನು ಜ್ವರದಲ್ಲಿ ನಡುಗುತ್ತಾ, "ಆ ಚ ಚ ಹೇಳಜ್ಜಿ," ಅಂದ. ನನಗೂ ಈಗ ಹಲ್ಲಿಲ್ಲ. ಕಟ್ಟಿಸಿದ ಹಲ್ಲನ್ನು ಡಬ್ಬಿಯಿಂದ ತೆಗೆದು ಹಾಕಿಕೊಂಡು, ಅವನ ಕೈ ಹಿಡಿದು, ಅಜ್ಜಿಯ ಸತ್ತ ಮಂತ್ರವನ್ನು ಹೇಳಿದೆ.