ಒಂದು ರಾಟೆ ಹೆಚ್ಚು

ನನ್ನ ಅಣ್ಣ ಸೈನ್ಯದಲ್ಲಿದ್ದಾಗ ಹಾಯಿದೋಣಿ ಓಡಿಸುವುದನ್ನು ಕಲಿತವನು. ನಿವೃತ್ತನಾಗಿ ಚಾಮರಾಜನಗರಕ್ಕೆ ಬಂದ ಮೇಲೆ, ಒಬ್ಬರೇ ಕೂತು ಓಡಿಸುವ ಹಳೆಯ ಪಂದ್ಯದ ದೋಣಿಯೊಂದನ್ನು ಕೊಂಡು, ಹಿಂದೆ ಅರಿಸಿನ ತುಂಬುತ್ತಿದ್ದ ಖಾಲಿ ಗೋದಾಮಿನಲ್ಲಿ ಇಟ್ಟುಕೊಂಡ. ಅವನು ಮದುವೆಯಾಗಿರಲಿಲ್ಲ. ನನ್ನ ಗಂಡ ತೀರಿಕೊಂಡಿದ್ದರು. ಗುಂಡ್ಲುಪೇಟೆಯಲ್ಲಿ ಪಾಠ ಮುಗಿಸಿ ಶನಿವಾರದ ಬಸ್ಸಿಗೆ ನಾನು ಅವನಲ್ಲಿಗೆ ಹೋಗುತ್ತಿದ್ದೆ.

ದೋಣಿಗೆ ಹಗ್ಗ ಕಟ್ಟುವುದನ್ನು ಅವನೇ ನನಗೆ ಕಲಿಸಿದ. ಹಾಯಿಯ ಅಡಿಗೋಲನ್ನು ಕೆಳಕ್ಕೆ ಜಗ್ಗುವ ಹಗ್ಗ ಒಂದಿದೆ. ಗಾಳಿ ಜೋರಾದಾಗ ಅದನ್ನು ಬಿಗಿಯಾಗಿ ಎಳೆಯದಿದ್ದರೆ ದೋಣಿ ಹಿಡಿತ ತಪ್ಪುತ್ತದೆ. ಹಗ್ಗ ಹಾಯುವ ರಾಟೆಗಳು ಹೆಚ್ಚಿದಷ್ಟೂ ಎಳೆಯುವುದು ಹಗುರ. ಆದರೆ ಎಷ್ಟು ರಾಟೆ ಇರಬೇಕೆಂದು ಆ ಬಗೆಯ ದೋಣಿಗಳ ನಿಯಮದಲ್ಲಿ ಬರೆದಿದೆ, ಅದರ ಮೇಲೆ ಒಂದೂ ಕೂಡದು. ಗೆಲ್ಲಬೇಕಾದದ್ದು ಮನುಷ್ಯ, ದೋಣಿಯಲ್ಲ ಎನ್ನುತ್ತಿದ್ದ.

ಎರಡು ವರ್ಷದ ಹಿಂದೆ ಅವನ ಕೈಗಳಿಗೆ ನರದ ಕಾಯಿಲೆ ಹಿಡಿಯಿತು. ಮೊದಲು ಅಂಗಿಯ ಗುಂಡಿ ಹಾಕಲಾಗದಾಯಿತು, ಆಮೇಲೆ ಲೋಟ ಜಾರತೊಡಗಿತು. ವಾಸಿಯಾಗುವುದಿಲ್ಲವೆಂದು ಮೈಸೂರಿನ ಡಾಕ್ಟರು ಹೇಳಿದರು. ಅಣ್ಣ ಮಾತ್ರ ಇನ್ನೊಂದೇ ಒಂದು ಪಂದ್ಯಕ್ಕೆ ಹೆಸರು ಕೊಟ್ಟ. ನನಗೆ ಭಯ. ಹೊರಡುವ ಹಿಂದಿನ ದಿನ ಅವನು ಮಾತ್ರೆ ತರಲು ಪೇಟೆಗೆ ಹೋಗಿದ್ದಾಗ, ಹಾಯಿಕಂಬದ ಬುಡದಲ್ಲಿ ಕಣ್ಣಿಗೆ ಬೀಳದಂತೆ ಒಂದು ರಾಟೆ ಸೇರಿಸಿದೆ.

ಪಂದ್ಯ ದೊಡ್ಡ ಹಿನ್ನೀರೊಂದರಲ್ಲಿ. ತಪಾಸಣೆಯವರು ಬಂದು ನೋಡಿ, ಸರಿಯಿದೆ ಎಂದು ಹೋದರು. ಆಮೇಲೆ ಅಣ್ಣ ಹಗ್ಗವನ್ನು ಒಮ್ಮೆ ಎಳೆದ. ಅದು ತೀರ ಹಗುರವಾಗಿ ಬಂತು. ಬಗ್ಗಿ, ಹಗ್ಗದ ಉದ್ದಕ್ಕೂ ಬೆರಳಾಡಿಸುತ್ತ ರಾಟೆಯ ತನಕ ಹೋದ.

"ನೀ ಹಾಕ್ದ್ಯಾ?"

ಹೌದೆಂದೆ. ಅವರಿಗೇ ಕಾಣಲಿಲ್ಲವಲ್ಲ, ಇರಲಿ ಬಿಡು ಎಂದು ಬೇಡಿಕೊಂಡೆ.

"ನಂಗೆ ಕಾಣುಸ್ತು ಕಣವ್ವ. ಬಿಚ್ಚು. ಗಂಟು ಬಿಚ್ಚಕೆ ನನ್ ಕೈಲಿ ಆಗಾಕಿಲ್ಲ."

ಬಿಚ್ಚಿದೆ. ಅವನು ತಾನಾಗಿ ತಪಾಸಣೆಯವರ ಬಳಿಗೆ ಹೋಗಿ ನಡೆದದ್ದನ್ನು ಹೇಳಿ, ಮತ್ತೆ ನೋಡಿಸಿ, ನೀರಿಗೆ ಇಳಿದ. ಅರ್ಧ ದಾರಿಯಲ್ಲಿ ಗಾಳಿ ಎದ್ದಿತು. ಅವನು ಹಗ್ಗಕ್ಕೆ ಜೋತುಬಿದ್ದು ಎಳೆಯುತ್ತಿದ್ದುದು ದಡಕ್ಕೆ ಕಾಣುತ್ತಿತ್ತು. ದೋಣಿ ಮಗುಚಿತು. ಕಾವಲಿನ ಮೋಟಾರು ದೋಣಿಯವರು ಅವನನ್ನು ಎತ್ತಿ ತಂದರು.

ಟವೆಲು ಹೊದೆಸಿದೆ. ಅವನು ನನ್ನನ್ನು ಬೈಯಲಿಲ್ಲ. ಊರು ಹತ್ತಿರವಾದಾಗ ಜೀಪಿನಲ್ಲಿ ಮೆಲ್ಲಗೆ ಅಂದ: "ನೀನೊಬ್ಳಾದ್ರೂ ನನ್ ಕೈನ ನಂಬಿದ್ದೀಯ ಅನ್ಕೊಂಡಿದ್ದೆ."

ಆಮೇಲೆ ಏಳು ತಿಂಗಳು ಬದುಕಿದ. ನಾನು ರಜೆ ಹಾಕಿ ಅಲ್ಲೇ ಉಳಿದು ತುತ್ತು ತಿನ್ನಿಸಿದೆ. ಕೊನೆಗೊಂದು ಮಧ್ಯಾಹ್ನ, ತಪ್ಪಾಯಿತು ಅಣ್ಣ ಎಂದೆ. ಅವನು ತಟ್ಟೆಯತ್ತ ಗದ್ದ ಆಡಿಸಿದ.

"ಅನ್ನ ಆರೋಯ್ತದೆ, ತಿನ್ಸು."

ಅಂದು ತಟ್ಟೆಯಲ್ಲಿದ್ದುದನ್ನೆಲ್ಲ ತಿಂದ. ಆ ವಾರವೇ ಹೋದ.